ಪರಿಶೀಲಿಸಿದವರ ಸಹಿ

ದ್ವಾರಕಾನಾಥರಿಗೆ ಹೆದರಿಕೆಯೂ ಬಿ.ಪಿ. ಮಾತ್ರೆಯೂ ಒಂದೇ; ದಿನಕ್ಕೊಂದು ಬೇಕೇ ಬೇಕು. ಈ ಪರದೇಶದ ಕಿಲೆಲೆಶ್ವಾ ಬಡಾವಣೆಯಲ್ಲಿ ಅವರು ನನ್ನ ಎದುರುಮನೆಯವರು. ಮೈಸೂರಿನವರು, ಕಸರಾನಿ ಕಡೆಯ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥರು. ವರ್ಕ್ ಪರ್ಮಿಟ್ ನವೀಕರಣದ ತಿಂಗಳು ಬಂತೆಂದರೆ ಜೋರಾಗಿ ಸೀನುವುದಕ್ಕೂ ಯೋಚಿಸುತ್ತಿದ್ದರು. "ನಾವಿಲ್ಲಿ ನೆಂಟ್ರು ಕಣ್ರೀ. ನೆಂಟ್ರಿಗೆ ಮನೆಯವ್ರ ಜಗಳ ಕಾಣಿಸಬಾರದು" ಎನ್ನುವುದು ಅವರ ನೀತಿ. ನನ್ನದೂ ಅದೇ ಆಗಿತ್ತೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅವರ ಕಸುಬಿನಲ್ಲಿ ಬರೆಯದೆ ಬಿಟ್ಟದ್ದು ನಡೆದೇ ಇಲ್ಲ. ಕಂಡದ್ದನ್ನು ಕಂಡಾಗಲೇ ಬರೆಯಬೇಕು, ಹಾಳೆ ಹರಿಯಬಾರದು, ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು ಕಾರಣ ಬರೆದು ಸಹಿ ಹಾಕಬೇಕು. ಮಾಡಿದವರು ಒಬ್ಬರು, ಪರಿಶೀಲಿಸಿದವರು ಇನ್ನೊಬ್ಬರು. ಎರಡು ಸಹಿಯಿಲ್ಲದೆ ಒಂದು ಮಾತ್ರೆಯೂ ಗೇಟು ದಾಟುವಂತಿಲ್ಲ. ಈ ರೋಗ ಮನೆಗೂ ಅಂಟಿತ್ತು. ಗ್ಯಾಸ್ ಸಿಲಿಂಡರ್ ಬದಲಿಸಿದ ಗಳಿಗೆಯೂ ಅವರ ಜೇಬಿನ ಪುಟ್ಟ ಪುಸ್ತಕದಲ್ಲಿ ದಾಖಲಾಗುತ್ತಿತ್ತು, ಕೆಳಗೆ ಹೆಂಡತಿ ಹಂಸಾ ಅವರ ಸಹಿ.

೨೦೨೪ರ ಜೂನ್. ಹೊಸ ತೆರಿಗೆಗಳನ್ನು ವಿರೋಧಿಸಿ ಹುಡುಗ ಹುಡುಗಿಯರು ಬೀದಿಗಿಳಿದಿದ್ದರು; ಅವರಲ್ಲಿ ಕೆಲವರನ್ನು ಮಫ್ತಿ ಪೊಲೀಸರು ಎತ್ತಿಕೊಂಡು ಹೋಗುತ್ತಿದ್ದಾರೆಂಬ ಸುದ್ದಿಯಿತ್ತು. ಅದೇ ಹೊತ್ತಿಗೆ ದ್ವಾರಕಾನಾಥರ ಹದಿನಾರರ ಮಗಳು ಸಾನ್ವಿಗೆ ಶಾಲೆಯಲ್ಲಿ ಯುರೋಪಿನ ಜ್ಞಾನೋದಯ ಯುಗದ ಚಿಂತಕರ ಬಗ್ಗೆ ಮಾತನಾಡುವ ಸರದಿ. ಆ ಹೆಸರುಗಳು ಅಪ್ಪನ ನಾಲಿಗೆಗೆ ಹತ್ತಲಿಲ್ಲ. ಚಿತ್ರ ನೋಡಿ "ವಿಗ್ ಮಹನೀಯರು" ಎಂದು ಕರೆದರು. ಹಕ್ಕು ದೊರೆ ಕೊಟ್ಟ ಭಿಕ್ಷೆಯಲ್ಲ, ಹುಟ್ಟಿನಿಂದ ಬಂದದ್ದು ಎಂದು ಒಬ್ಬ ಬರೆದಿದ್ದ. ಕಾನೂನು ಮಾಡುವವರು, ನಡೆಸುವವರು, ತೀರ್ಪು ಕೊಡುವವರು ಬೇರೆಬೇರೆ ಇರಬೇಕೆಂದು ಇನ್ನೊಬ್ಬ. ಅದನ್ನು ಕೇಳಿ ದ್ವಾರಕಾನಾಥರು ಅರಳಿಬಿಟ್ಟರು.

"ಇದು ನಮ್ ಫ್ಯಾಕ್ಟ್ರಿ ರೂಲೇ ಅಲ್ವೇನೇ? ಮಾತ್ರೆ ಮಾಡ್ದೋನೇ ಪಾಸ್ ಮಾಡಿದ್ರೆ ತಿಂದೋನ ಗತಿ ಏನು?"

ಸಾನ್ವಿ ಅದನ್ನೇ ಶಾಲೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದಳು. ಅಪ್ಪ ಎರಡು ದಿನ ಬೀಗಿದರು.

ಆ ಶನಿವಾರ ಅವರು ಹುಣಸೆಹಣ್ಣು, ಬೇಳೆ ತರಲು ನ್ಗಾರಾ ಪೇಟೆಗೆ ಹೋಗಿದ್ದರು. ಅಂಗಡಿಯ ಮುಂದೆ ಡೆಂಜಿಲ್ ಕಂಡ. ಅವರ ಲ್ಯಾಬಿನ ಫಿಲೋಮಿನಾಳ ತಮ್ಮ; ದಿನಾ ಸಂಜೆ ಅಕ್ಕನನ್ನು ಕರೆದೊಯ್ಯಲು ಕಾರ್ಖಾನೆಯ ಗೇಟಿಗೆ ಬರುತ್ತಿದ್ದವನು. ಇವರು ಕೈಯೆತ್ತುವಷ್ಟರಲ್ಲಿ ಸಮವಸ್ತ್ರವಿಲ್ಲದ ನಾಲ್ವರು ಅವನನ್ನು ಬಿಳಿ ಕಾರಿಗೆ ತುರುಕಿಕೊಂಡು ಹೊರಟೇಹೋದರು. ದ್ವಾರಕಾನಾಥರ ಕೈ ತಾನಾಗಿ ಪುಸ್ತಕ ತೆಗೆದು ಸಮಯವನ್ನೂ ಕಾರಿನ ನಂಬರನ್ನೂ ಬರೆಯಿತು. ಬರೆದು ಮುಗಿದ ಮೇಲೆ ಹುಣಸೆಹಣ್ಣನ್ನೂ ಕೊಳ್ಳದೆ ಮನೆಗೆ ಬಂದುಬಿಟ್ಟರು.

ಸೋಮವಾರ ಫಿಲೋಮಿನಾ ಅತ್ತು ಊದಿದ ಮುಖದಲ್ಲೇ ಕೆಲಸಕ್ಕೆ ಬಂದಳು. ಯಾವ ಠಾಣೆಯಲ್ಲೂ ತಮ್ಮನಿಲ್ಲ. ಕಂಡವರೊಬ್ಬರು ಅಫಿಡವಿಟ್ ಕೊಟ್ಟರೆ ಹಿಡಿದವರು ಅವನನ್ನು ತಂದು ತೋರಿಸುವಂತೆ ನ್ಯಾಯಾಧೀಶರನ್ನು ಕೇಳಬಹುದು ಎಂದು ವಕೀಲರು ಹೇಳಿದ್ದರಂತೆ. ಶನಿವಾರ ಯಾರಾದರೂ ನ್ಗಾರಾ ಕಡೆ ಹೋಗಿದ್ದಿರಾ ಎಂದು ಲ್ಯಾಬಿನಲ್ಲಿ ಒಬ್ಬೊಬ್ಬರನ್ನೇ ಕೇಳಿದಳು. ದ್ವಾರಕಾನಾಥರು ತಕ್ಕಡಿ ನೋಡುತ್ತ ನಿಂತರು.

ಸಂಜೆ ನನ್ನ ಮನೆಗೆ ಬಂದು ಪುಸ್ತಕ ತೆರೆದಿಟ್ಟರು. ಪರ್ಮಿಟ್ ನವೀಕರಣಕ್ಕೆ ಆರು ವಾರವಿತ್ತು. ಅದು ಹೋದರೆ ಕೆಲಸ, ಮನೆ, ಮಗಳ ಶಾಲೆ ಎಲ್ಲ ಹೋಯಿತು. ಹಾಳೆ ಹರಿದು ಒಲೆಗೆ ಹಾಕಿ ಎಂದು ನಾನೇ ಹೇಳಿದೆ. ಮೂವತ್ತು ವರ್ಷ ದಾಖಲೆ ಬರೆದ ಕೈ, ಹರಿಯಲು ಒಪ್ಪಲಿಲ್ಲ. ಒಂದೇ ಗೆರೆ ಎಳೆದರು, ಸಹಿ ಹಾಕಿದರು, ಕಾರಣ ಬರೆದರು: ಪರಿಶೀಲಿಸಿದವರು ಯಾರೂ ಇಲ್ಲ. ನಾನು ಭೇಷ್ ಎಂದೆ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಮರುದಿನ ಗ್ಯಾಸ್ ಬಂತು. ಅಮ್ಮ ಮನೆಯಲ್ಲಿರಲಿಲ್ಲವೆಂದು ಸಹಿ ಹಾಕಲು ಪುಸ್ತಕ ತೆಗೆದ ಸಾನ್ವಿ ಗೆರೆ ಎಳೆದದ್ದನ್ನು ಓದಿದಳು. ಓದಲು ಬರುವಂತೆ ತಾನೇ ಎಳೆದದ್ದು!

"ಅಪ್ಪಾ, ಡಿಡ್ ಯೂ ಸೀ ಇಟ್ ಆರ್ ನಾಟ್?"

ಅವಳು ವಿಗ್ ಮಹನೀಯರ ಮಾತೆತ್ತಿದ್ದರೆ ಗದರಿಸಿಬಿಡಬಹುದಿತ್ತು ಎಂದು ದ್ವಾರಕಾನಾಥರು ಆಮೇಲೆ ನನಗೆ ಹೇಳಿದರು. ಎತ್ತಲಿಲ್ಲ. ಅವರು ಪರ್ಮಿಟ್ಟಿನ ಕಥೆಯೆಲ್ಲ ಹೇಳಿ ಮುಗಿಸುವವರೆಗೂ ಕಾದು, ಡೆಂಜಿಲ್‌ಗೆ ವಯಸ್ಸೆಷ್ಟು ಎಂದಷ್ಟೇ ಕೇಳಿದಳು. ಹತ್ತೊಂಬತ್ತು.

ಬುಧವಾರ ರಜೆ ಹಾಕಿ ವಕೀಲರ ಕಚೇರಿಗೆ ಹೋದರು. ಮೊದಲ ಸಹಿ ಪಾಸ್‌ಪೋರ್ಟಿನ ಸಹಿಗೆ ಹೊಂದದೆ, ಎರಡನೇ ಸಲ ಹಾಕಬೇಕಾಯಿತಂತೆ. ಶುಕ್ರವಾರದೊಳಗೆ ಹುಡುಗನನ್ನು ತಂದು ನಿಲ್ಲಿಸಿ ಎಂದು ಕೋರ್ಟು ಅಂದೇ ಆದೇಶಿಸಿತು. ಗುರುವಾರ ಬೆಳಿಗ್ಗೆಯೇ ಯಾರೋ ಅವನನ್ನು ಥೀಕಾ ರಸ್ತೆಯ ಬದಿಯಲ್ಲಿ ಇಳಿಸಿಹೋದರು. ಕಾಲಲ್ಲಿ ಚಪ್ಪಲಿಯಿಲ್ಲ, ಒಂದು ಕಿವಿ ಕೇಳಿಸುವುದಿಲ್ಲ, ಆದರೆ ಜೀವವಿದೆ. ಫಿಲೋಮಿನಾ ಲ್ಯಾಬಿಗೆ ಬಂದು ದ್ವಾರಕಾನಾಥರ ಎರಡೂ ಕೈ ಹಿಡಿದು ಅಸಾಂಟೆ, ಅಂದರೆ ಧನ್ಯವಾದ, ಎಂದಳು.

ಮರುವಾರ, ಮಧ್ಯಾಹ್ನ, ನಮ್ಮ ಗೇಟಿನೆದುರು ಒಂದು ಬಿಳಿ ಕಾರು ಬಂದು ನಿಂತಿತು. ಒಳಗೆ ಇಬ್ಬರು. ಇಳಿಯಲಿಲ್ಲ, ಹೋಗಲೂ ಇಲ್ಲ. ದ್ವಾರಕಾನಾಥರ ಮನೆಯ ಕಡೆಗೇ ನೋಡುತ್ತ ಕೂತರು. ನಾನು ಪರದೆ ಎಳೆದುಕೊಂಡೆ. ಬಾಗಿಲು ತಟ್ಟಿದ ಸದ್ದಾಯಿತು. ದ್ವಾರಕಾನಾಥರು ನಿಂತಿದ್ದರು. ಹಿಂದೆ ಸಾನ್ವಿ. ಪುಸ್ತಕದಲ್ಲಿ ಆಗಲೇ ಸಮಯ, ಕಾರಿನ ನಂಬರು, ಅವರ ಸಹಿ. ಕೆಳಗೊಂದು ಗೆರೆ ಖಾಲಿ.

ಪೆನ್ನು ನನ್ನ ಕಡೆ ಚಾಚಿದರು. "ನೀವೂ ನೋಡಿದ್ರಲ್ಲಾ? ಪರದೆ ಅಲ್ಲಾಡಿದ್ದು ಕಾಣಿಸ್ತು."

ಸಹಿ ಹಾಕಿದೆ. ನನ್ನ ಪರ್ಮಿಟ್ ನವೆಂಬರಿಗೆ ಮುಗಿಯುವುದಿತ್ತು. ಕಾರು ಸಂಜೆಯವರೆಗೂ ಅಲ್ಲೇ ನಿಂತಿತ್ತು.