ಕೆರೆ ನೋಡಿ ಹಾರುತ್ತಿದ್ದವರು

ಪ್ರತಿ ಭಾನುವಾರ ಬೆಳಿಗ್ಗೆ ಆಕಾಶದಲ್ಲಿ ಯಾರೋ ಹೊಲಿಗೆ ಮಷೀನ್ ತುಳಿಯುತ್ತಿರುವಂತೆ ಸದ್ದಾಗುತ್ತಿತ್ತು. ನಾನು ಕಾಫಿ ಲೋಟ ಹಿಡಿದೇ ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿತ್ತಲಿಗೆ ಓಡುತ್ತಿದ್ದೆ. ಪಕ್ಕದ ಮನೆಯ ಕ್ಯಾಪ್ಟನ್ ತಮ್ಮ ಪುಟ್ಟ ಟೂ-ಸೀಟರ್ ವಿಮಾನದ ರೆಕ್ಕೆಯನ್ನು ಒಮ್ಮೆ ವಾಲಿಸಿ, ನನಗೆ ಗುಡ್ ಮಾರ್ನಿಂಗ್ ಹೇಳಿ ಹೋಗುತ್ತಿದ್ದರು.

ನೆಲದ ಮೇಲೆ ಅವರದು ಮಾತು ಕಡಿಮೆ. ದಾರಿ ಹೇಗೆ ಗೊತ್ತಾಗುತ್ತದೆಂದು ಕೇಳಿದರೆ ಅಂಗೈಯನ್ನೇ ರೆಕ್ಕೆಯಂತೆ ವಾಲಿಸಿ, "ನೀರು ಕಂಡ್ರೆ ಎಡಕ್ಕೆ, ಮಿಸ್. ಅಷ್ಟೇ," ಎನ್ನುತ್ತಿದ್ದರು. ನೀರೆಂದರೆ ಅವರ ದಾರಿಯಲ್ಲಿ ನೀರಿದ್ದ ಒಂದೇ ಒಂದು ಕೆರೆ. ಅದಕ್ಕಿಂತ ಮೊದಲೇ ತಿರುಗಿದರೆ ದೇವನಹಳ್ಳಿ ಏರ್‌ಪೋರ್ಟಿನ ಆಕಾಶ. ಪರ್ಮಿಷನ್ ಇಲ್ಲದೆ ಅಲ್ಲಿಗೆ ನುಗ್ಗುವಂತಿಲ್ಲ.

ಒಂದು ವರ್ಷ ಮಳೆ ಜೋರಾಯಿತು. ಒಣಗಿ ಬರೀ ಜಾಲಿ ಬೆಳೆದಿದ್ದ ಇನ್ನೊಂದು ಕೆರೆ, ಅದೇ ದಾರಿಯಲ್ಲಿ ಮೊದಲು ಸಿಗುವಂಥದ್ದು, ತುಂಬಿ ಕೋಡಿ ಹರಿಯಿತು. ನಾವು ಹೆಂಗಸರೆಲ್ಲ ಹೋಗಿ ಬಾಗಿನ ಬಿಟ್ಟುಬಂದೆವು. ಆ ಭಾನುವಾರ ಅವರು ಅಲ್ಲೇ ನೀರು ಕಂಡು ಎಡಕ್ಕೆ ತಿರುಗಿದರು. ಇಳಿಯಲಿದ್ದ ದೊಡ್ಡ ವಿಮಾನವೊಂದು ಅವರಿಂದಾಗಿ ಮೇಲೆಯೇ ಸುತ್ತಬೇಕಾಯಿತು. ಅವರ ಲೈಸೆನ್ಸ್ ರದ್ದಾಯಿತು.

"ಮ್ಯಾಪ್ ನೋಡೋಕೇನಾಗಿತ್ತು, ಕ್ಯಾಪ್ಟನ್?" ಎಂದು ರೇಗಿದೆ.

"ತುಂಬಿದ ಕೆರೆ ಬಿಟ್ಟು ಮ್ಯಾಪ್ ನೋಡ್ತಾರಾ, ಮಿಸ್? ಎಷ್ಟು ಚೆನ್ನಾಗಿತ್ತು ಗೊತ್ತಾ!"

ಅವರನ್ನು ಕೊನೆಯ ಸಲ ಕಂಡದ್ದು ವಿಮಾನವನ್ನು ಮಾರಿದ ದಿನ. ಒಯ್ಯಲು ಲಾರಿ ಬಂದು ನಿಂತಿತ್ತು. "ಹತ್ತಿ ಮಿಸ್, ಒಂದ್ಸಲ," ಎಂದು ಕೈಹಿಡಿದು ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟನ್ನು ತಾವೇ ಬಿಗಿದರು. ಎಂಜಿನ್ ಸ್ಟಾರ್ಟ್ ಮಾಡಲಿಲ್ಲ. ಇಬ್ಬರೂ ಮುಂದಿನ ಹುಲ್ಲುಗಾವಲನ್ನೇ ನೋಡುತ್ತ ಕೂತೆವು. ಲಾರಿಯವನು ಹಾರ್ನ್ ಹೊಡೆದ. ಅವರು ಕದಲಲಿಲ್ಲ. ನಾನೂ ಬೆಲ್ಟ್ ಬಿಚ್ಚಲಿಲ್ಲ.