ಬಿಳಿ ಗಂಜಿ ಉಣ್ಣಿಸುವ ಕೆಂಪಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚನ್ನಗಿರಿಯ ಈ ಚಿಕ್ಕ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕೆಂಪಕ್ಕ ಬೇರಿಯಂ ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸುತ್ತಿದ್ದಾರೆ. ಆಮೇಲೆ ಅದನ್ನು ಅಕ್ಕಿ ಗಂಜಿಗೆ ಸುರಿದು, ಗಂಟಾಗದಂತೆ ಸೌಟು ಆಡಿಸುತ್ತಾರೆ.

ಸಕ್ಕರೆ ಕಾಯಿಲೆ ಹಳೆಯದಾದರೆ ಕೆಲವರಿಗೆ ಉಂಡದ್ದು ಹೊಟ್ಟೆಯಿಂದ ಮುಂದೆ ಸಾಗುವುದಿಲ್ಲ. ನಿನ್ನೆಯ ಊಟ ಇವತ್ತು ವಾಂತಿಯಾಗುತ್ತದೆ. ದಾವಣಗೆರೆಯಲ್ಲಿ ಗಂಟಲಿನಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡಿ, ಹುಣ್ಣು, ಗಡ್ಡೆ ಇಲ್ಲವೆಂದ ಮೇಲೆ ಅಂಥವರಿಗೆ ಇಲ್ಲಿ ಈ ಗಂಜಿ ಉಣ್ಣಿಸುತ್ತಾರೆ. ಹೊತ್ತು ಬಿಟ್ಟು ಹೊತ್ತು ಎಕ್ಸ್‌ರೇ ತೆಗೆದರೆ ಬೇರಿಯಂ ಬೆರೆತ ಗಂಜಿ ಎಲ್ಲಿ ಕೂತಿದೆಯೆಂದು ಬೆಳ್ಳಗೆ ಕಾಣುತ್ತದೆ. ಗಂಜಿ ಉಣ್ಣಿಸಿ, ಕಕ್ಕದಂತೆ ಮಾತಾಡಿಸುತ್ತ ಕೂರುವುದು ಆಯಾ ಕೆಂಪಕ್ಕನ ಕೆಲಸ.

"ಸುಣ್ಣ ಕಲಸೀಯಲ್ಲವ್ವ, ಗೋಡೆ ಬಳಿಯಾಕಾ?" ಎನ್ನುತ್ತಾರೆ ಜಗಳೂರಿನಿಂದ ಬಂದ ರೋಗಿ ಗಾದ್ರಪ್ಪ.

"ಒಳಗಿನ ಗೋಡೆಗೆ ಕಣಣ್ಣ. ಮೂಗು ಮುಚ್ಕೊಂಡು ನುಂಗು."

ಪಕ್ಕದ ಮಂಚದಲ್ಲಿರುವ ಬೊಮ್ಮಕ್ಕ ಮಾತ್ರ ಕೆಂಪಕ್ಕನ ಕೈಯಿಂದ ಬಟ್ಟಲು ಮುಟ್ಟುವುದಿಲ್ಲ. ನರ್ಸಮ್ಮನೇ ಉಣ್ಣಿಸಬೇಕು. ನಲ್ಲೂರಿನ ಬೊಮ್ಮಕ್ಕ ಕೆಂಪಕ್ಕನ ಒಡಹುಟ್ಟಿದ ಅಕ್ಕ.

ಎಪ್ಪತ್ತೊಂಬತ್ತನೇ ಇಸವಿಯ ಗೌರಿ ಹಬ್ಬದಲ್ಲಿ, ಅಕ್ಕನ ಮನೆಯಲ್ಲಿ ಕೆಂಪಕ್ಕ ಬಡಿಸಿದ ಕಡುಬನ್ನು ಬೊಮ್ಮಕ್ಕ ಮರುದಿನ ಹಾಗೆಯೇ ಕಕ್ಕಿದರು. ಹೊಟ್ಟೆಗೆ ಹಾಕಿದ ಮದ್ದನ್ನು ಕಕ್ಕಿಸಿ ತೆಗೆಯುವವನು ಸೊಪ್ಪಿನ ರಸ ಕುಡಿಸಿದ. ಇನ್ನಷ್ಟು ಬಂತು. "ಯಾರೋ ಊಟದಾಗೆ ಕೈಮದ್ದು ಇಕ್ಕಿದಾರೆ" ಎಂದ. ಬಡಿಸಿದ ಕೈ ಯಾವುದೆಂದು ಯಾರೂ ಕೇಳಬೇಕಾಗಲಿಲ್ಲ. ಅಂದಿನಿಂದ ಕೆಂಪಕ್ಕನಿಗೆ ಆ ಮನೆಯ ಬಾಗಿಲು ಮುಚ್ಚಿತು.

"ಅವ್ವ ಹೋದ ಮ್ಯಾಲೆ ಅಕ್ಕನ ಮನೇನೇ ನಂಗೆ ತವರು" ಎನ್ನುತ್ತಾರೆ ಕೆಂಪಕ್ಕ. "ಹಬ್ಬ ಬಂದ್ರೆ ಸೀರೆ ಉಟ್ಕೊಂಡು ಬಸ್‌ಸ್ಟ್ಯಾಂಡ್ ತನಕ ಹೋಗ್ತೀನ್ರೀ. ನಲ್ಲೂರ ಬಸ್ಸು ಬರ್ತೈತೆ. ಅದು ಹೋದ ಮ್ಯಾಲೆ ಮನೆಗೆ ವಾಪಸ್ ಬರ್ತೀನಿ."

ಹೋದ ವಾರ ಊಟ ಸಾಗದೆ, ನುಂಗಿದ ಸಕ್ಕರೆ ಕಾಯಿಲೆಯ ಮಾತ್ರೆಗೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದು ಬೊಮ್ಮಕ್ಕ ಎಚ್ಚರ ತಪ್ಪಿದರು. ಅದಕ್ಕೇ ಗಂಡ ಓಬಳಪ್ಪ ಕರೆತಂದಿದ್ದಾರೆ.

ಮಧ್ಯಾಹ್ನ ದಾಟಿದೆ. ಡಾಕ್ಟರು ಬೊಮ್ಮಕ್ಕನ ಕೊನೆಯ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿಯುತ್ತಾರೆ. ಬೆಳಗಿನ ಗಂಜಿ ಬಹುಪಾಲು ಹೊಟ್ಟೆಯಲ್ಲೇ ಇದೆ.

"ಹಂಗಾದ್ರೆ ಅವತ್ತು ಹಬ್ಬದ ಕಡುಬು ಕಕ್ಕಿದ್ದು ಮದ್ದಿಗಲ್ಲೇನ್ರೀ?" ಓಬಳಪ್ಪ ಕೇಳುತ್ತಾರೆ.

"ಮದ್ದೂ ಅಲ್ಲ, ಮಾಟಾನೂ ಅಲ್ಲ. ಸಕ್ಕರೆ ಕಾಯಿಲೆಗೆ ಹೊಟ್ಟೆ ನರ ಸೋತಾವೆ. ಅವತ್ತೂ ಇದೇ ಕಾಯಿಲೆ, ಯಾರು ಬಡಿಸಿದ್ರೂ ಹಿಂಗೇ ಆಗ್ತಿತ್ತು. ಇನ್ಮೇಲೆ ಮೆತ್ತಗಿನ ಊಟ, ಸ್ವಲ್ಪ ಸ್ವಲ್ಪ. ಮಾತ್ರೇನೂ ಬದಲಾಯಿಸ್ತೀನಿ."

ಬಾಗಿಲಲ್ಲಿ ನಿಂತ ಕೆಂಪಕ್ಕ ಕೈ ಒರೆಸಿಕೊಳ್ಳುತ್ತಾರೆ.

"ಅಕ್ಕಾ, ಈ ಸಲ ಗೌರಿ ಹಬ್ಬಕ್ಕೆ ನಾನು ಬರ್ಲಾ?"

ಓಬಳಪ್ಪ ಹೊರಡಲು ಚಪ್ಪಲಿ ಹುಡುಕುತ್ತಾರೆ. ಬೊಮ್ಮಕ್ಕ ತಂಗಿಯತ್ತ ತಿರುಗದೆ ಕಿಟಕಿಯ ಕಡೆಗೇ ನೋಡುತ್ತಾ ಕೂತಿದ್ದಾರೆ.