ಕಡೆಯ ಕಂತಿನ ಮೇಡಂ

ಸೌರದೀಪದ ಮಾತು ಬಂದಾಗ ಸೂರ್ಯನನ್ನು ಹೊಗಳುವವರು ಬಹಳ ಮಂದಿ, ಯಂತ್ರವನ್ನು ಹೊಗಳುವವರು ಇನ್ನೂ ಹೆಚ್ಚು. ಆದರೆ ಆ ದೀಪವನ್ನು ಕೊಳ್ಳಲು ಕೈಯಲ್ಲಿ ಕಾಸಿಲ್ಲದವರಿಗೆ ಸಾಲದ ದಾರಿ ಮಾಡಿಕೊಟ್ಟವರನ್ನು ನೆನೆಯುವವರು ವಿರಳ. ಹಾಗೆ ನೆನೆಯಲೇಬೇಕಾದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು, ನಮ್ಮ ಬ್ಯಾಂಕಿನ ಸಾಲ ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾಗಿ ಈ ಅಭಿನಂದನ ಸಂಪುಟದ ಗೌರವಕ್ಕೆ ಪಾತ್ರರಾಗಿರುವ ನಮ್ಮ ಮೇಡಂ. ಕಚೇರಿಯಲ್ಲಿ ಅವರು ಎಲ್ಲರಿಗೂ ಮೇಡಂ. ದೀಪ ಮಾರುವ ವ್ಯಾಪಾರಿಗಳು ಮಾತ್ರ ಬೆನ್ನ ಹಿಂದೆ ಅವರಿಗೆ ‘ಕಡೇ ಕಂತಿನಮ್ಮ’ ಎಂದು ಅಡ್ಡಹೆಸರಿಟ್ಟಿದ್ದರು. ಆ ಹೆಸರು ಬಂದ ಬಗೆಯನ್ನು ಹೇಳುವುದೇ ನನ್ನ ಲೇಖನದ ಉದ್ದೇಶ.

ನಾನು ವಸೂಲಿ ವಿಭಾಗದವನು. ಎದುರಿಗೆ ಕುಳಿತವರನ್ನು ಅನುಮಾನಿಸುವುದಕ್ಕೇ ಸಂಬಳ ಪಡೆದವನಾದ್ದರಿಂದ ಹೊಗಳಿಕೆ ನನ್ನ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಬಂದಷ್ಟನ್ನು ಓದುಗರು ಧಾರಾಳವಾಗಿ ನಂಬಬಹುದು.

ಮೇಡಂ ನಮ್ಮ ಬ್ಯಾಂಕಿಗೆ ಬಂದದ್ದು ಗುಮಾಸ್ತೆಯಾಗಿ. ಸೀಮೆಎಣ್ಣೆಯ ವಾಸನೆ ಹೊತ್ತ ಬಟ್ಟೆಯಲ್ಲಿ ತರಕಾರಿ ಮಾರುವ ಹೆಂಗಸರು ಕೌಂಟರಿಗೆ ಬಂದಾಗ ಉಳಿದವರು ಮೂಗು ಮುರಿಯುತ್ತಿದ್ದರು. ಇವರು ಕುರ್ಚಿ ಎಳೆದು ಕೂರಿಸಿ, ವಾರಕ್ಕೆ ಎಷ್ಟು ಎಣ್ಣೆ ಬೇಕು, ಅದಕ್ಕೆಷ್ಟು ಖರ್ಚು ಎಂದು ವಿಚಾರಿಸುತ್ತಿದ್ದರು. ಎಣ್ಣೆಗೆ ಹೋಗುವ ದುಡ್ಡೇ ಕಂತಾದರೆ ಅವರೂ ಸೌರದೀಪ ಕೊಳ್ಳಬಹುದೆಂಬ ಯೋಚನೆ ಮೊಳೆತದ್ದು ಅಲ್ಲಿ. ಮುಂದೆ ಅಧಿಕಾರಿಯಾದಾಗ ಅವರು ಪಟ್ಟು ಹಿಡಿದು ಆ ಯೋಜನೆಯನ್ನು ಜಾರಿಗೆ ತಂದರು.

ಅವರ ಸ್ವಭಾವ ಮೃದುವಾಗಿತ್ತೆಂದು ಬರೆದರೆ ಕಚೇರಿಯವರೆಲ್ಲ ನನ್ನನ್ನು ನೋಡಿ ನಕ್ಕಾರು. ಶಹಬ್ಬಾಸ್ ಎಂಬ ಮಾತು ಅವರಿಂದ ಬಂದದ್ದನ್ನು ನಾನಂತೂ ಕೇಳಿಲ್ಲ. ನನ್ನ ಮಗಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನ ಪಾಲಿನ ವಸೂಲಿ ತಿರುಗಾಟವನ್ನೆಲ್ಲ ಯಾರಿಗೂ ಹೇಳದೆ, ನನ್ನ ಬೈಕಿನಲ್ಲೇ, ತಾವು ವಹಿಸಿಕೊಂಡರು. ನಾನು ಕೆಲಸಕ್ಕೆ ಮರಳಿದ ದಿನ ಕೃತಜ್ಞತೆ ಹೇಳಲು ಹೋದರೆ, “ನಿಮ್ಮ ಬೈಕಿನ ಬ್ರೇಕು ಸರಿಯಿಲ್ಲರೀ, ಮೊದಲು ಅದನ್ನ ಮಾಡಿಸಿ” ಎಂದು ಕಡತದೊಳಗೆ ತಲೆ ಹಾಕಿಬಿಟ್ಟರು.

ಯೋಜನೆ ಚೆನ್ನಾಗಿ ನಡೆಯುತ್ತಿದ್ದಂತೆಯೇ, ವಿದ್ಯುತ್ ಕಂಬಗಳು ಇನ್ನೂ ತಲುಪದ ಒಂದು ಬೀದಿಯಿಂದ ಕಂತುಗಳು ನಿಂತುಹೋದವು. ಆಡಳಿತ ಮಂಡಳಿ ಕೆಂಡಾಮಂಡಲವಾಯಿತು. ಸೌರಫಲಕಗಳನ್ನು ಕಳಚಿ ತರಬೇಕು. ತರದಿದ್ದರೆ ಇಡೀ ಯೋಜನೆಗೇ ಬೀಗ ಹಾಕುವುದು ಎಂದು ಆದೇಶ ಬಂತು. ಆದೇಶವನ್ನು ಹಿಡಿದುಕೊಂಡು ನಾನೂ, ಅದನ್ನು ಜಾರಿ ಮಾಡಬೇಕಾದ ಅಧಿಕಾರಿಯಾಗಿ ಮೇಡಂ ಅವರೂ ಹೊರಟೆವು.

ಮೊದಲ ಬಾಗಿಲು ಎರಡು ಕೋಣೆಯ ಪುಟ್ಟ ಹೆರಿಗೆ ಮನೆಯದು. ಅದನ್ನು ನಡೆಸುತ್ತಿದ್ದ ನರ್ಸಮ್ಮ ಚಾವಣಿಯ ಮೇಲೆ ನಿಂತು ಒದ್ದೆ ಬಟ್ಟೆಯಿಂದ ಫಲಕ ಒರೆಸುತ್ತಿದ್ದರು. ಕಂತು ಕಟ್ಟದವರು ಫಲಕವನ್ನೇಕೆ ಒರೆಸುತ್ತಾರೆ ಎಂದು ನನಗೆ ಅನುಮಾನ ಹುಟ್ಟಿತು.

“ಬ್ಯಾಟರಿ ಸತ್ತುಹೋಗಿದೆ ಮೇಡಂ,” ಎಂದರು ನರ್ಸಮ್ಮ, ಕೆಳಗಿಳಿದು ಬಂದು. “ಅಂಗಡಿಯವರನ್ನ ಕೇಳಿದ್ರೆ ಕಂಪನಿ ಅಂತಾರೆ, ನಿಮ್ಮ ಬ್ಯಾಂಕಲ್ಲಿ ಕೇಳಿದ್ರೆ ಅಂಗಡಿ ಅಂತಾರೆ. ಇವತ್ತಲ್ಲ ನಾಳೆ ಯಾರಾದ್ರೂ ಬಂದು ಸರಿಮಾಡ್ತಾರೆ ಅಂತ ಇದನ್ನ ಒರೆಸಿ ಇಟ್ಕೊಂಡಿದ್ದೀನಿ.”

“ಉರೀತಿದ್ದಾಗ ಕಂತು ಕಟ್ತಿದ್ರಾ?” ಎಂದು ಕೇಳಿದರು ಮೇಡಂ.

“ಒಂದೂ ತಪ್ಪಿಸಿಲ್ಲ. ಈಗ ಆ ದುಡ್ಡಲ್ಲಿ ಮತ್ತೆ ಎಣ್ಣೆ ತರ್ತಿದ್ದೀನಿ. ಎರಡಕ್ಕೂ ಎಲ್ಲಿಂದ ತರಲಿ?”

ನಿಯಮ ನಿಯಮವೇ ಎಂದು ನಾನು ಬಾಯಿ ಹಾಕಿದೆ. ಮೇಡಂ ನನ್ನನ್ನು ಹೆರಿಗೆ ಕೋಣೆಯೊಳಕ್ಕೆ ಕರೆದು ಬಾಗಿಲು ಮುಚ್ಚಿಸಿದರು. ಕಿಟಕಿಯಿಲ್ಲದ ಕೋಣೆ; ಹಗಲಿನಲ್ಲೂ ಎಣ್ಣೆ ಬುಡ್ಡಿ ಹೊಗೆಯಾಡುತ್ತಿತ್ತು. ನರ್ಸಮ್ಮನ ಕೈಯಿಂದ ಸೂಜಿದಾರ ಇಸಿದುಕೊಂಡು ನನಗೆ ಕೊಟ್ಟರು. “ಪೋಣಿಸಿ, ನೋಡೋಣ.” ಕಣ್ಣು ಕಿರಿದು ಮಾಡಿದೆ, ದಾರವನ್ನು ಬಾಯಲ್ಲಿಟ್ಟು ಚೂಪು ಮಾಡಿದೆ, ಕೊನೆಗೆ ಬೆರಳಿಗೇ ಚುಚ್ಚಿಕೊಂಡೆ.

“ಹೋದ ವಾರ ಇದೇ ಬೆಳಕಲ್ಲಿ ಒಬ್ಬ ಹುಡುಗಿಗೆ ಹೊಲಿಗೆ ಹಾಕ್ದೆ,” ಎಂದರು ನರ್ಸಮ್ಮ. “ಬುಡ್ಡಿ ಹಿಡ್ಕೊಂಡಿದ್ದು ಅವಳ ಅತ್ತೆ. ಪಾಪ, ಅವರ ಕೈ ನಡುಗ್ತಿತ್ತು. ಇನ್ನು ಇಲ್ಲಿ ಹೆರಿಗೆ ಮಾಡಿಸೋದು ಬೇಡ, ಬಾಗಿಲು ಹಾಕ್ಬಿಡೋಣ ಅನ್ಕೊಂಡಿದ್ದೀನಿ.”

ಮೇಡಂ ಅಂಗಳಕ್ಕೆ ಬಂದು ದೀಪ ಮಾರಿದ ವ್ಯಾಪಾರಿಗೆ, ನಾವೆಲ್ಲ ಬ್ಯಾಟರಿ ಸಾಹುಕಾರ ಎನ್ನುತ್ತಿದ್ದ ಮನುಷ್ಯನಿಗೆ, ಫೋನು ಮಾಡಿದರು. ಆತನ ಧ್ವನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. “ಮಾರಿದ್ದಾಯ್ತು, ಬ್ಯಾಂಕಿಂದ ಪೂರಾ ದುಡ್ಡು ಬಂದಾಯ್ತು. ಕೆಟ್ಟರೆ ನಾನ್ಯಾಕೆ ಬರಲಿ ಅಮ್ಮ? ಇನ್ನದು ನಿಮ್ಮ ಪಾಡು, ಅವರ ಪಾಡು.”

ಬೀದಿಯ ಉಳಿದ ಮನೆಗಳಲ್ಲೂ ಇದೇ ಕತೆ; ಅಂದು ನಾವು ಒಂದೇ ಒಂದು ಮೊಳೆಯನ್ನೂ ಕೀಳದೆ ಹಿಂದಿರುಗಿದೆವು. ಆತ ಕೋಪದಲ್ಲಿ ಆಡಿದ ಮಾತಿನಲ್ಲೇ ಯೋಜನೆಯ ಕಾಯಿಲೆ ಇದ್ದುದನ್ನು ಮೇಡಂ ಗುರುತಿಸಿದ್ದರು. ಕೊಂಡವರು ವರ್ಷಗಟ್ಟಲೆ ಕಂತು ಕಟ್ಟಬೇಕು. ಮಾರಿದವನು ಮಾತ್ರ ಮೊದಲ ದಿನವೇ ಪೂರ್ತಿ ಹಣ ಎಣಿಸಿಕೊಂಡು ಕೈ ತೊಳೆದುಕೊಳ್ಳಬಹುದು. ಅವರು ಮಂಡಳಿಯ ಮುಂದೆ ನಿಂತು ಹೇಳಿದ್ದಿಷ್ಟೆ: ಇನ್ನು ಮುಂದೆ ಮಾರಿದವನಿಗೂ ಕಂತು. ದೀಪ ಉರಿದ ತಿಂಗಳು ಕೊಂಡವರು ಕಟ್ಟಲಿ, ಅದರಲ್ಲಿ ಮಾರಿದವನ ಪಾಲು ಅವನಿಗೆ ಸೇರಲಿ. ಉರಿಯದ ತಿಂಗಳು ಇವರು ಕಟ್ಟುವುದೂ ಬೇಡ, ಅವನಿಗೆ ಸಿಗುವುದೂ ಬೇಡ. ಅವನ ಕಡೆಯ ಕಂತು ಸಾಲ ತೀರುವ ಕಡೆಯವರೆಗೂ ಬ್ಯಾಂಕಿನಲ್ಲೇ ಇರಲಿ.

“ಉರಿಯುತ್ತಿದ್ದರೂ ಉರಿಯುತ್ತಿಲ್ಲ ಅಂತ ಸುಳ್ಳು ಹೇಳಿದ್ರೆ?” ಎಂದರು ಅಧ್ಯಕ್ಷರು.

“ಹೇಳಿದ ತಕ್ಷಣ ಮಾರಿದವನೇ ಓಡಿ ಬಂದು ನೋಡ್ತಾನೆ ಸರ್. ನಮಗೆ ಬೇಕಾಗಿರೋದೂ ಅದೇ ಅಲ್ವಾ?”

ನಿಯಮವು ಪರೀಕ್ಷಾರ್ಥವಾಗಿ ಒಪ್ಪಿಗೆ ಪಡೆಯಿತು. ನೇಕಾರರ ಬೀದಿಯ ದೊಡ್ಡ ಆರ್ಡರಿಗಾಗಿ ಬಾಯಿಬಿಟ್ಟು ಕುಳಿತಿದ್ದ ಸಾಹುಕಾರನಿಗೆ, ಮೊದಲು ಹೆರಿಗೆ ಮನೆಯ ಬೀದಿ ಸರಿಹೋಗಲಿ, ಆಮೇಲೆ ಈ ಕಡತ ಮೇಲೇಳುತ್ತದೆ ಎಂಬ ಮಾತು ತಲುಪಿತು. ಅದೇ ವಾರ ಹೊಸ ಬ್ಯಾಟರಿಗಳು ಬಂದವು. ಆದೇಶ ಮೀರಿದ್ದಕ್ಕೆ ಮೇಡಂ ತೆತ್ತದ್ದು ಆ ವರ್ಷದ ಬಡ್ತಿಯನ್ನು. ಅವರಿಗಿಂತ ಕಿರಿಯರೊಬ್ಬರು ಆ ಕುರ್ಚಿಯಲ್ಲಿ ಕುಳಿತಾಗ ನನಗೆ ತಡೆಯಲಾರದಷ್ಟು ಸಿಟ್ಟು ಬಂದಿತ್ತು. ಅವರು ಮಾತ್ರ ಆ ಕಿರಿಯರಿಗೆ ನೇಕಾರರ ಕಡತ ವಿವರಿಸುತ್ತ ನಿಂತಿದ್ದರು.

ಹೊಸ ನಿಯಮದಿಂದ ಯಾರಿಗೂ ತೊಂದರೆಯಾಗಲಿಲ್ಲವೆಂದರೆ ಸುಳ್ಳಾದೀತು. ವ್ಯಾಪಾರಿಗಳು ಅವರನ್ನು ‘ಕಡೇ ಕಂತಿನಮ್ಮ’ ಎನ್ನತೊಡಗಿದ್ದು ಆಗಲೇ; ಕೆಲವರು ಸಿಟ್ಟಾಗಿ ಹೊರನಡೆದರು. ಗುಡ್ಡದಾಚೆಯ ಕೇರಿಯವರು ದೀಪ ಮಾರುವವರಿಲ್ಲದೆ ಮತ್ತೊಂದು ವರ್ಷ ಬುಡ್ಡಿಯ ಹೊಗೆಯಲ್ಲೇ ಕಳೆದರು. ಇದಕ್ಕಾಗಿ ನಾನು ಮೇಡಂ ಜೊತೆ ಜಗಳವಾಡಿದ್ದುಂಟು. ಅವರು ಹೊಸ ವ್ಯಾಪಾರಿಯನ್ನು ಹುಡುಕಿ ಒಪ್ಪಿಸುವವರೆಗೂ ಆ ಕೇರಿಗೆ ತಾವೇ ಹೋಗಿ, ತಡವಾಗುತ್ತಿರುವುದೇಕೆಂದು ಮನೆ ಮನೆಯಲ್ಲೂ ಹೇಳಿ, ಬೈಸಿಕೊಂಡು ಬಂದರು. ಬಿಟ್ಟುಹೋಗದೆ ಉಳಿದ ಸಾಹುಕಾರನೋ, ಗೊಣಗುತ್ತಲೇ ಬೀದಿಗೊಬ್ಬ ಮೆಕ್ಯಾನಿಕ್ಕನ್ನು ನೇಮಿಸಿದ.

ಕಳೆದ ತಿಂಗಳು ಕಚೇರಿಯ ಸಭಾಂಗಣದಲ್ಲಿ ಬೀಳ್ಕೊಡುಗೆ ನಡೆದಾಗ, ದೀಪ ವ್ಯಾಪಾರಿಗಳ ಸಂಘದ ಪರವಾಗಿ ಅದೇ ಸಾಹುಕಾರ ಮೇಡಂ ಅವರಿಗೆ ಒಂದು ಸೌರ ಮೇಜುದೀಪವನ್ನು ಅರ್ಪಿಸಿದ. ಮೇಡಂ ಅದನ್ನು ತಿರುಗಿಸಿ, ಬುಡ ನೋಡಿ, ಗುಂಡಿ ಒತ್ತಿ, ಜೀವಮಾನವಿಡೀ ಸಾಲಗಾರರ ಪರವಾಗಿ ಕೇಳುತ್ತ ಬಂದ ಪ್ರಶ್ನೆಯನ್ನೇ ಕೇಳಿದರು. “ಕೆಟ್ಟರೆ ಯಾರು ಬರ್ತಾರೆ?”

ಸಭೆ ಗೊಳ್ಳೆಂದು ನಕ್ಕಿತು. ಸಾಹುಕಾರ ನಗಲಿಲ್ಲ. “ನಾನೇ ಬರ್ತೀನಿ ಅಮ್ಮ,” ಎಂದ.

“ಬರ್ತಾರೆ ಮೇಡಂ,” ಎಂದು ಹಿಂದಿನ ಸಾಲಿನಿಂದ ಒಂದು ಧ್ವನಿ ಬಂತು. ನೋಡಿದರೆ ನರ್ಸಮ್ಮ. “ನಮ್ಮಲ್ಲಿಗೆ ಕರೆದಾಗೆಲ್ಲ ಬಂದಿದ್ದಾರೆ.” ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ನನಗೂ ಕಣ್ಣು ತುಂಬಿ ಬಂತು.

ಈಗ ಅವರ ನಿಯಮವನ್ನು ಅವರಿಗೇ ಅನ್ವಯಿಸುವ ಸಲಿಗೆಯನ್ನು ಹಳೆಯ ವಸೂಲಿಯವನೊಬ್ಬನಿಗೆ ಅವರು ಕ್ಷಮಿಸಬೇಕು. ಹೊಗೆಯಿಲ್ಲದ ಒಲೆಗಳ ಸಾಲ ಯೋಜನೆ ಇನ್ನೂ ಅವರ ಮೇಜಿನ ಮೇಲೆ ಅರ್ಧಕ್ಕೆ ನಿಂತಿದೆ. ಅದನ್ನು ಮನೆಯಿಂದಲೇ ಮುಗಿಸಿಕೊಡುವುದಾಗಿ ಅವರು ಮಾತು ಕೊಟ್ಟಿದ್ದಾರೆ. ಆದ್ದರಿಂದ ಈ ಸಂಪುಟದಲ್ಲಿ ನಾವು ಸಲ್ಲಿಸುತ್ತಿರುವುದು ಅಭಿನಂದನೆಯ ಒಂದು ಪಾಲು ಮಾತ್ರ. ಉಳಿದದ್ದನ್ನು ತಡೆಹಿಡಿದಿದ್ದೇವೆ. ವರ್ಷ ವರ್ಷವೂ ಅವರು ಗಟ್ಟಿಮುಟ್ಟಾಗಿ, ಅದೇ ಮುಂಗೋಪದಿಂದ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದು, ತಮಗೆ ಸಲ್ಲಬೇಕಾದುದನ್ನು ಪಡೆದುಕೊಳ್ಳುತ್ತಿರಲಿ. ಕಡೆಯ ಕಂತು ಕೊಡುವ ಅವಸರ ನಮಗೆ ಯಾರಿಗೂ ಇಲ್ಲ.